ಪದಚರ್ಚೆ: ‘ಬ್ಲಾಕಿಂಗ್ ಆರ್ಡರ್’, ‘ವಿತ್‌ಹೆಲ್ಡ್’, ‘ಷ್ಯಾಡೋ ಬ್ಯಾನ್’ (ನಾಳೆಗೇ ಬೇಕು)

ಸ., ಬೆಂಗಳೂರು
ಸೈಟೋ ಖಾತೆಯೋ ಇದ್ದಕ್ಕಿದ್ದಂತೆ ಕಾಣದಾದರೆ ಏನು ಮಾಡಬೇಕೆಂಬ ಕೈಪಿಡಿಯ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂರು ಪದ ಬಾಕಿ. ಐಟಿ ಕಾಯ್ದೆಯ ಸೆಕ್ಷನ್ 69ಎ ಅಡಿ ಸೈಟು, ಖಾತೆ ಮುಚ್ಚಿಸಲು ಕೇಂದ್ರ ಹೊರಡಿಸುವ ‘ಬ್ಲಾಕಿಂಗ್ ಆರ್ಡರ್’ಗೆ ಸದ್ಯ ‘ತಡೆ ಆದೇಶ’ ಎಂದಿಟ್ಟಿದ್ದೇನೆ. ಎಕ್ಸ್‌ನಲ್ಲಿ ಖಾತೆಯ ಜಾಗದಲ್ಲಿ ಬರುವ ‘ವಿತ್‌ಹೆಲ್ಡ್’ಗೆ ಏನು? ಬರೆದದ್ದು ಅಲ್ಲೇ ಇದ್ದರೂ ಹುಡುಕಾಟದಲ್ಲಿ ಸಿಗದು, ಬೇರೆಯವರ ಫೀಡಿಗೆ ಹೋಗದು, ಹೀಗಾಗಿದೆಯೆಂದು ಕಂಪನಿ ತಿಳಿಸುವುದೂ ಇಲ್ಲ. ಆ ‘ಷ್ಯಾಡೋ ಬ್ಯಾನ್’ಗೆ?

ವ., ಧಾರವಾಡ
‘ತಡೆ ಆದೇಶ’ ಬೇಡವೇ ಬೇಡ. ಕೋರ್ಟಿನ ಕನ್ನಡದಲ್ಲಿ ತಡೆಯಾಜ್ಞೆ ಅಂದರೆ ಸ್ಟೇ. ‘ಕೇಂದ್ರದ ತಡೆ ಆದೇಶಕ್ಕೆ ಹೈಕೋರ್ಟ್ ತಡೆ’ ಎಂದು ಬರೆದರೆ ಯಾರು ಯಾರನ್ನು ತಡೆದರು? ನಿಷೇಧಾಜ್ಞೆ ಎಂದರೆ ಗುಂಪು ಸೇರಬೇಡಿ ಎನ್ನುವುದು. ಪ್ರತಿಬಂಧಕಾಜ್ಞೆ ಸಿವಿಲ್ ಕೋರ್ಟಿನದು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಚಾರವಾಗಿ 8,842 ಕೊಂಡಿಗಳ ಮೇಲೆ ಬೆಂಗಳೂರಿನಲ್ಲಿ ಬಂದದ್ದು ಅದು.

69ಎ ಇದ್ಯಾವುದೂ ಅಲ್ಲ. 2009ರ ನಿಯಮಗಳ ಪ್ರಕಾರ ಸಮಿತಿ ಕೂರಬೇಕು, ಬರೆದವರಿಗೋ ಕಂಪನಿಗೋ ಕನಿಷ್ಠ 48 ಗಂಟೆ ಮುಂಚೆ ನೋಟಿಸು ಕೊಟ್ಟು ಅವರ ಮಾತು ಕೇಳಬೇಕು. ತುರ್ತಾದರೆ ಮೊದಲು ಮುಚ್ಚಿಸಿ, 48 ಗಂಟೆಯೊಳಗೆ ಸಮಿತಿಯ ಮುಂದಿಡಬೇಕು. 16ನೇ ನಿಯಮದ ಗೋಪ್ಯತೆಯಿಂದಾಗಿ ಆದೇಶದ ಪ್ರತಿ ಕೈಗೆ ಸಿಗುವುದೇ ಕಷ್ಟ. ‘69ಎ ನಿರ್ಬಂಧ ಆದೇಶ’ ಎನ್ನಿ. ಅಂಕಿ ಬಿಟ್ಟರೆ ಪದಕ್ಕೆ ಬೆಲೆಯಿಲ್ಲ.

ಬರಹ ತೆಗೆಯಿರೆಂದು ಕಂಪನಿಗಳಿಗೆ ಹೇಳಲು ಕೇಂದ್ರ ಮಾಡಿರುವ ಸಹಯೋಗ್ ಪೋರ್ಟಲಿನಿಂದ ಅದೇ ಕಾಯ್ದೆಯ 79(3)(ಬಿ) ಅಡಿ ಹೋಗುವುದಕ್ಕೆ ‘ಆದೇಶ’ ಎನ್ನಬೇಡಿ, ಅದು ನೋಟಿಸು. ಪಾಲಿಸದ ಕಂಪನಿಗೆ ಆ ಬರಹದ ಮಟ್ಟಿಗೆ ಕಾನೂನಿನ ರಕ್ಷಣೆ (ಬೇರೆಯವರು ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬುದು) ತಪ್ಪಬಹುದು, ಅಷ್ಟೆ. 69ಎ ಮೀರಿದರೆ ಏಳು ವರ್ಷದವರೆಗೆ ಜೈಲು. ಆ ಪೋರ್ಟಲಿನ ವಿರುದ್ಧ ಎಕ್ಸ್ ಹಾಕಿದ್ದ ಅರ್ಜಿಯನ್ನು ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು.

ಕ., ಶಿವಮೊಗ್ಗ
ನಿರ‍್ಬಂದವೂ ಸಂಸ್ಕ್ರುತ, ಆದೇಶವೂ ಸಂಸ್ಕ್ರುತ. ಕನ್ನಡಕ್ಕೆ ಉಳಿದದ್ದು ಅಂಕಿಯೊಂದೇ! ‘ತಡೆಯಾಣೆ’ ಎನ್ನಿ, ಮುಗಿಯಿತು. ಶ್ಯಾಡೋ ಬ್ಯಾನಿಗೆ ‘ಮರೆತಡೆ’. ಎರಡೂ ಎಲ್ಲರ ನಾಲಿಗೆಗೆ ಒಗ್ಗುವ ಒರೆಗಳು.

ವ., ಧಾರವಾಡ
ಆಣೆ ಎಂಬುದು ಆಜ್ಞಾ ಶಬ್ದದ ತದ್ಭವ. ನಿಮ್ಮ ತಡೆಯಾಣೆ ನನ್ನ ತಡೆಯಾಜ್ಞೆಯೇ. ‘ಮರೆತಡೆ’ಯನ್ನು ಹತ್ತರಲ್ಲಿ ಒಂಬತ್ತು ಜನ ‘ಮರೆತರೆ’ ಎಂದು ಓದುತ್ತಾರೆ.

ಜ., ಮಂಗಳೂರು
ಪದ ಕಟ್ಟುವ ಮೊದಲು ಏನು ಮುಚ್ಚಿದೆಯೆಂದು ನೋಡಿ. ಕೈಪಿಡಿಯಲ್ಲಿ ಇದು ಇರಲೇಬೇಕು.

ಇಂಟರ್‌ನೆಟ್ ಕೊಡುವ ಕಂಪನಿ, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ತಪ್ಪು ವಿಳಾಸ ಕೊಡುತ್ತಿದ್ದರೆ, ಫೋನಿನಲ್ಲಿ ಡಿಎನ್‌ಎಸ್ ಬದಲಿಸಿದೊಡನೆ ಸೈಟು ತೆರೆಯಬಹುದು. ಬದಲಿಸಿದರೂ ‘ಕನೆಕ್ಷನ್ ರೀಸೆಟ್’ ಬಂದರೆ ಎಸ್‌ಎನ್‌ಐ ಮೇಲೆ ಗುಮಾನಿ ಪಡಿ: ಎಚ್‌ಟಿಟಿಪಿಎಸ್ (ಗೂಢಲಿಪಿಯ ಸಂಪರ್ಕ) ಶುರುವಾಗುವಾಗ ಸೈಟಿನ ಹೆಸರು ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವಂತೆ ಹೋಗುತ್ತದೆ, ಅದನ್ನೋದಿ ಸಂಪರ್ಕ ಕಡಿಯುತ್ತಾರೆ. ಐಪಿ ವಿಳಾಸವನ್ನೇ (ಸರ್ವರಿನ ಅಂಕಿಯ ವಿಳಾಸ) ಮುಚ್ಚಿದರೆ ಅದೇ ವಿಳಾಸದಲ್ಲಿರುವ ಸಂಬಂಧವಿಲ್ಲದ ಸೈಟುಗಳೂ ಬೀಳುತ್ತವೆ. ಇನ್ನೊಂದು ಕಂಪನಿಯ ಸಿಮ್‌ನಲ್ಲೂ ನೋಡದೆ ‘ಸರ್ಕಾರ ಮುಚ್ಚಿದೆ’ ಎಂದು ಬರೆಸಬೇಡಿ. ಸರ್ವರ್ ಕೆಟ್ಟರೂ ಪರದೆ ಹೀಗೇ ಕಾಣುತ್ತದೆ.

ಕಾನೂನಿನ ಕಾರಣಕ್ಕೆ ಮುಚ್ಚಿದೆ ಎಂದು ಹೇಳಲು 451 ಎಂಬ ಕೋಡ್ 2016ರಿಂದ ಇದೆ. ಎಚ್‌ಟಿಟಿಪಿಎಸ್ ಸೈಟಿಗೆ ಮಧ್ಯದಲ್ಲಿ ಕೂತ ಇಂಟರ್‌ನೆಟ್ ಕಂಪನಿ ಅದನ್ನು ತೋರಿಸಹೋದರೆ ಬರುವುದು, ಸೈಟಿನ ಗುರುತು ಹೊಂದುತ್ತಿಲ್ಲವೆಂಬ ಬ್ರೌಸರಿನ ಪ್ರಮಾಣಪತ್ರದ ಎಚ್ಚರಿಕೆ.

‘ವಿತ್‌ಹೆಲ್ಡ್’ಗೆ ‘ತಡೆಹಿಡಿಯಲಾಗಿದೆ’ ಸರಿಯಾಗಿದೆ. ಫಲಿತಾಂಶ ತಡೆಹಿಡಿದರೆ ಅಂಕ ಅಳಿದುಹೋಗುವುದಿಲ್ಲ. ಇಲ್ಲೂ ಖಾತೆ ಇದೆ, ಭಾರತದಲ್ಲಿ ತೋರಿಸುವುದಿಲ್ಲ. ‘ತೆಗೆದುಹಾಕಲಾಗಿದೆ’ ಎಂದರೆ ಸುಳ್ಳಾಗುತ್ತದೆ.

ನ., ಮೈಸೂರು
ಸೆನ್ಸಾರಿಗೆ ತಮಿಳರು ‘ತಣಿಕ್ಕೈ’ ಎನ್ನುತ್ತಾರೆ, ಲೆಕ್ಕಪರಿಶೋಧನೆಗೂ ಅದೇ. ನಮ್ಮ ‘ತನಿಖೆ’ಯ ದಾಯಾದಿ ಅದು, ಎರಡೂ ಅರಬ್ಬಿಯ ‘ತನ್ಕೀಹ್’ ಮೂಲದವು. ಸೆನ್ಸಾರ್ ಎಂಬವನೂ ರೋಮಿನಲ್ಲಿ ಜನರನ್ನು ಎಣಿಸಿ, ಅವರ ನಡತೆ ಅಳೆಯುತ್ತಿದ್ದ ಅಧಿಕಾರಿ. ಸೆನ್ಸಸ್ಸೂ ಅದೇ ಬೇರಿನದು. ಎರವಲು ಬೇಡವೆನ್ನುವವರು ಮೊದಲು ತನಿಖೆ, ಕಾನೂನು, ಅರ್ಜಿ, ವಜಾ, ಎಲ್ಲ ಬಿಟ್ಟು ಒಂದು ದೂರು ಬರೆದು ತೋರಿಸಲಿ.

ಕ., ಶಿವಮೊಗ್ಗ
ಅರ‍್ಜಿ, ವಜಾ ಜನರ ಬಾಯಲ್ಲಿ ಪಳಗಿ ಬಂದವು. ‘ಸಹಯೋಗ್’ ಜನರ ಬಾಯಿಂದ ಬಂತೇ? ಬಾಯಿ ಮುಚ್ಚಿಸುವ ಪೋರ‍್ಟಲಿಗೆ ಕೈಜೋಡಿಸುವ ಹೆಸರು! ಸಂಸ್ಕ್ರುತದ ಬಣ್ಣ ಬಳಿಯುವುದೇ ಇದಕ್ಕೆ ಎಂದರೆ ನನ್ನನ್ನು ಹುಚ್ಚನೆನ್ನುತ್ತೀರಿ.

ನ., ಮೈಸೂರು
ಹೆಸರು ಅಚ್ಚಗನ್ನಡದಲ್ಲಿದ್ದರೆ ನೋಟಿಸು ಹೋಗುತ್ತಿರಲಿಲ್ಲವೇ?

ಸ., ಬೆಂಗಳೂರು
‘69ಎ ನಿರ್ಬಂಧ ಆದೇಶ’, ‘79(3)(ಬಿ) ನೋಟಿಸು’, ‘ಭಾರತದಲ್ಲಿ ತಡೆಹಿಡಿಯಲಾಗಿದೆ’ ಎಂದು ಹಾಕಿದ್ದೇನೆ. ಸಿಮ್ ಬದಲಿಸಿ ನೋಡುವ ಮಾತು ಮೊದಲ ಪುಟಕ್ಕೆ ಹೋಯಿತು. ಷ್ಯಾಡೋ ಬ್ಯಾನಿಗೆ ‘ತೆರೆಮರೆಯ ತಡೆ’.

ವ., ಧಾರವಾಡ
ಮತ್ತೆ ತಡೆ! ‘ತೆರೆಮರೆಯ ನಿರ್ಬಂಧ’ ಎಂದು ತಿದ್ದಿ.

ಕ., ಶಿವಮೊಗ್ಗ
ತಿದ್ದಬೇಡಿ.