ಕ್ಲಾಸ್‌ರೂಮ್ ಮಾತುಕತೆಲಿ ಕ್ಲಿಟಿಕ್: ರಿಸರ್ಚ್ ಪ್ರಶ್ನೆ ಹೇಗೆ ಕಟ್ಟೋದು?

ವಿರಾಜಪೇಟೆ_ಟೀಚರ್:
ನಮಸ್ಕಾರ ಎಲ್ರಿಗೂ. ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ, ಜೊತೆಗೆ ಎಂಎ ಡಿಸರ್ಟೇಶನ್ ಬರೀಬೇಕು. ನಮ್ಮ ಮಕ್ಕಳಲ್ಲಿ ಮನೇಲಿ ಕೊಡವ ತಕ್ಕ್ ಆಡೋರು, ಅರೆಭಾಷೆ ಆಡೋರು, ಮಲಯಾಳಂ ಆಡೋರು ಎಲ್ಲಾ ಇದಾರೆ. ವಿಭಕ್ತಿ ಪ್ರತ್ಯಯ ಕೇಳಿದ್ರೆ ಪಟಪಟ ಹೇಳ್ತಾರೆ, ಆದ್ರೆ ಒಂದು ಕತೆ ಹೇಳಪ್ಪ ಅಂದ್ರೆ ಊ, ಏ, ಓ, ಆ, ಅಂತೆ ಅನ್ನೋ ಕ್ಲಿಟಿಕ್‌ಗಳು (ಬೇರೆ ಬೇರೆ ಜಾತಿ ಪದಗಳ ಕೊನೆಗೆ ಅಂಟೋ ಚಿಕ್ಕ ತುಣುಕುಗಳು) ಬರಬೇಕಾದ ಕಡೆ ಬರೋದೇ ಇಲ್ಲ, ವಾಕ್ಯ ತಪ್ಪು ಅನ್ನೋ ಹಾಗೂ ಇಲ್ಲ, ಒಂದಕ್ಕೊಂದು ಅಂಟಲ್ಲ ಅಷ್ಟೆ. ಡಿಸ್ಕೋರ್ಸ್ ಅನಾಲಿಸಿಸ್ (ಬಿಡಿ ವಾಕ್ಯ ಅಲ್ಲ, ಇಡೀ ಮಾತುಕತೆ ಹೇಗೆ ಹೆಣ್ಕೊಳ್ಳುತ್ತೆ ಅಂತ ನೋಡೋದು) ಕಡೆಯಿಂದ ನೋಡೋಣ ಅಂತ "ಕನ್ನಡ ಕಲಿಕೆಯಲ್ಲಿ ಕ್ಲಿಟಿಕ್‌ಗಳು" ಅಂತ ಟೈಟಲ್ ಕೊಟ್ಟೆ, ಗೈಡ್ ತುಂಬಾ ದೊಡ್ಡದಾಯ್ತು ಅಂದ್ರು. ಹೇಗೆ ಚಿಕ್ಕದು ಮಾಡ್ಲಿ? ಇವು ಪ್ರತ್ಯಯ ಅಲ್ಲ, ಕ್ಲಿಟಿಕ್ಕೇ ಅಂತ ತೋರಿಸೋದು ಹೇಗೆ?

ಕುಶಾಲನಗರದವ:
ಎರಡನೇದು ಸುಲಭ ಮೇಡಂ. ಜ್ವಿಕಿ, ಪುಲಮ್ ಅನ್ನೋ ಇಬ್ರು ಭಾಷಾವಿಜ್ಞಾನಿಗಳು 1983ರಲ್ಲಿ ಇಂಗ್ಲಿಷ್ ಇಟ್ಕೊಂಡು ಕೊಟ್ಟ ಪರೀಕ್ಷೆಗಳಿವೆ. ಪ್ರತ್ಯಯ ತಾನು ಯಾವ ಜಾತಿ ಪದಕ್ಕೆ ಹತ್ತಬೇಕು ಅಂತ ಆರಿಸ್ಕೊಳ್ಳುತ್ತೆ, ಕ್ಲಿಟಿಕ್ ಅಷ್ಟು ಆರಿಸಲ್ಲ. ಊ ನೋಡಿ: ಅವನೂ, ಮಡಿಕೇರೀಲೂ, ನಿನ್ನೆಯೂ, ಹೇಳಿಯೂ. ಅದೂ ವಿಭಕ್ತಿ ಆದ್ಮೇಲೇ ಬರುತ್ತೆ, ಅವನಿಗೂ ಅಂತೀವಿ, ಅವನೂಗೆ ಅನ್ನಲ್ಲ. ಅದರ ಮೇಲೆ ಇನ್ನೊಂದು ಕೂರುತ್ತೆ: ಅವನಿಗೂನಾ?

ಸೋಮವಾರಪೇಟೆ_ಅಕ್ಕ:
ಎಲ್ಲಾ ಬಿಟ್ಟು ಪ್ರಶ್ನೆಯ "ಆ" ಒಂದೇ ಹಿಡ್ಕೊಳ್ಳಿ. "ಕಾಫಿ ಕೊಯ್ಲು ನಿನ್ನೆ ಮುಗೀತಾ?" ಅಂದ್ರೆ ಮುಗಿದಿದೆಯೋ ಇಲ್ವೋ ಅಂತ ಕೇಳಿದ್ದು. "ನಿನ್ನೆನಾ ಕೊಯ್ಲು ಮುಗಿದಿದ್ದು?" ಅಂದ್ರೆ ಮುಗಿದಿದ್ದು ಇಬ್ರಿಗೂ ಗೊತ್ತು, ದಿನ ಯಾವುದು ಅನ್ನೋದಷ್ಟೇ ಪ್ರಶ್ನೆ, ಕ್ರಿಯಾಪದದ ರೂಪಾನೂ ಬದಲಾಯ್ತು ನೋಡಿ. ಯಾವುದು ಯಾವಾಗ ಅಂತ ಹಿಂದಿನ ಮಾತು ಕೇಳದೆ ಹೇಳೋಕಾಗಲ್ಲ, ಡಿಸ್ಕೋರ್ಸ್ ಬೇಕಾಗೋದು ಇಲ್ಲೇ. ಇನ್ನೊಂದು, ಸಿಂಕ್ಲೇರ್ ಮತ್ತು ಕೂಲ್ಟಾರ್ಡ್ ಅನ್ನೋ ಭಾಷಾವಿಜ್ಞಾನಿಗಳು 1975ರಲ್ಲಿ ಕ್ಲಾಸಿನ ಮಾತನ್ನ ಮೂರು ಸರದಿಯಾಗಿ ಬಿಡಿಸಿ ತೋರಿಸಿದ್ರು: ಟೀಚರ್ ಕೇಳ್ತಾರೆ, ಮಗು ಉತ್ತರ ಕೊಡುತ್ತೆ, ಟೀಚರ್ ಅದಕ್ಕೆ ಏನೋ ಹೇಳ್ತಾರೆ. ಆ ಮೂರನೇ ಸರದಿಲಿ ನಾವು "ನಾಮಪದಾನಾ?" ಅಂತೀವಲ್ಲ, ಅದು ಪ್ರಶ್ನೆ ಅಲ್ವೇ ಅಲ್ಲ, ಇನ್ನೊಂದ್ಸಲ ಯೋಚಿಸು ಅಂತ. ಮನೇಲಿ ಬೇರೆ ಭಾಷೆ ಆಡೋ ಮಗು ಅದನ್ನ ಹಾಗೇ ಹಿಡಿಯುತ್ತಾ, ಅಥವಾ ನಿಜವಾದ ಪ್ರಶ್ನೆ ಅಂದ್ಕೊಂಡು "ಹೌದು ಮಿಸ್" ಅಂತ ಕೂತ್ಬಿಡುತ್ತಾ? ನನ್ನ ಪ್ರಕಾರ ಡಿಸರ್ಟೇಶನ್‌ಗೆ ಇದೊಂದೇ ಸಾಕು.

ಅರೆಭಾಷೆ_ಹುಡುಗ:
ಅಕ್ಕ ಹೇಳಿದ್ದು ಒಪ್ತೀನಿ, ಆದ್ರೆ ಮನೆಭಾಷೆ ಒಟ್ಟಿಗೆ ಕಲಸ್ಬೇಡಿ. ಕೊಡವ ತಕ್ಕ್ ಬೇರೇನೇ ದ್ರಾವಿಡ ಭಾಷೆ, ನಮ್ಮ ಅರೆಭಾಷೆ ಕನ್ನಡಕ್ಕೆ ಹತ್ರ, ಎರಡನ್ನೂ ಒಂದೇ ಗುಂಪಿಗೆ ಹಾಕಿದ್ರೆ ಏನೂ ಗೊತ್ತಾಗಲ್ಲ. ಮತ್ತೆ "ಅಂತೆ" ಬಿಡೋಕೆ ಮನಸ್ಸಿಲ್ದಿದ್ರೆ, ಒಂದೇ ಮಗು ಹತ್ರ ಅಗಸ್ತ್ಯರ ಕಮಂಡಲದಿಂದ ಕಾವೇರಿ ಹರಿದ ಕತೆನೂ ಹೇಳಿಸಿ, ತಾನೇ ಕಂಡ ಪುತ್ತರಿ ಹಬ್ಬದ ವಿಷಯನೂ ಹೇಳಿಸಿ. ಕೇಳಿದ ಕತೆಲಿ "ಹರಿದ್ಲಂತೆ" ಬರುತ್ತಾ, ಕಣ್ಣಾರೆ ಕಂಡಿದ್ರಲ್ಲಿ ಅಂತೆ ಬಿಟ್ಟೇ ಹೇಳುತ್ತಾ ನೋಡಿ. ರೆಕಾರ್ಡ್ ಮಾಡೋ ಮುಂಚೆ ಅಪ್ಪ ಅಮ್ಮನ ಒಪ್ಪಿಗೆ ತಗೊಳ್ಳಿ.

ವಿರಾಜಪೇಟೆ_ಟೀಚರ್:
ಥ್ಯಾಂಕ್ಸ್ ಎಲ್ರಿಗೂ. ಮೂರನೇ ಸರದಿಯ "ಆ" ಮೇಲೇ ಮಾಡ್ತೀನಿ, ಮನೆಭಾಷೆ ಬೇರೆ ಬೇರೆ ಇಟ್ಟು. ಅಕ್ಕ, ಮಗು ಏನೂ ಹೇಳದೆ ಸುಮ್ನೆ ನಿಂತ್ರೆ ಅದನ್ನೂ ಉತ್ತರ ಅಂತ ಬರ್ಕೋಬೇಕಾ?

ಸೋಮವಾರಪೇಟೆ_ಅಕ್ಕ:
ಬರ್ಕೊಳ್ಳಿ, ಎಷ್ಟು ಸೆಕೆಂಡ್ ಸುಮ್ನಿತ್ತು ಅನ್ನೋದೂ ಸೇರಿಸಿ.