ಒಂದೇ ಓರೆಗೆರೆ

ಚಿಕ್ಕಪ್ಪ: ಫಾರ್ವರ್ಡ್ ಚಿತ್ರ, ಒಂದೇ ಓರೆಗೆರೆ. "ಮೇಲೆ ಹೋದಂತೆ ಉಷ್ಣಾಂಶ ಪ್ರತಿ ಕಿ.ಮೀ.ಗೆ 6.5 ಡಿಗ್ರಿ ಇಳಿಕೆ. 40 ಕಿ.ಮೀ. ಎತ್ತರದಲ್ಲಿ ಮೈನಸ್ 245!" ಮಕ್ಕಳಿಗೆಲ್ಲ ತೋರಿಸಿ.

ನಾನು: ದಯವಿಟ್ಟು ಬೇಡ ಚಿಕ್ಕಪ್ಪ, ಗೆರೆನೇ ತಪ್ಪು.

ಚಿಕ್ಕಪ್ಪ: 6.5 ಅಂತ ಪುಸ್ತಕದಲ್ಲೇ ಇದೆ ಕಣಮ್ಮ. ನಾನೂ ಓದಿದ್ದೀನಿ.

ನಾನು: ಇದೆ, ಆದ್ರೆ ಪರಿವರ್ತನ ಮಂಡಲಕ್ಕೆ, ಅಂದ್ರೆ ನೆಲಕ್ಕೆ ತಾಗಿದ ಕೆಳಗಿನ ಗಾಳಿಪದರಕ್ಕೆ ಮಾತ್ರ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಅಂತ ಹಿಡಿದ್ರೆ, ಸರಾಸರಿ ಲೆಕ್ಕದಲ್ಲಿ 11 ಕಿ.ಮೀ.ಗೆ ಮೈನಸ್ 56.5. ಅಲ್ಲಿಂದ 20ರ ತನಕ ಇಳಿಯೋದೇ ಇಲ್ಲ. ಆಮೇಲೆ ಏರುತ್ತೆ. 40 ಕಿ.ಮೀ.ಗೆ ಸುಮಾರು ಮೈನಸ್ 22. ಎಲ್ಲಿಯ 245, ಎಲ್ಲಿಯ 22!

ತಮ್ಮ: ವಿಮಾನದಲ್ಲಿ ಸೀಟಿನ ಮುಂದಿನ ಪರದೆಯಲ್ಲಿ ನೋಡಿದ್ದೆ. ಎತ್ತರ 11 ಕಿ.ಮೀ. ಹತ್ತಿರ, ಹೊರಗೆ ಮೈನಸ್ 54.

ಅತ್ತೆ: ಸೂರ್ಯನಿಗೆ ಹತ್ತಿರ ಆಗೋದ್ರಿಂದ ಮತ್ತೆ ಏರುತ್ತಾ?

ನಾನು: ಇಲ್ಲ ಅತ್ತೆ. ಸೂರ್ಯ 15 ಕೋಟಿ ಕಿ.ಮೀ. ದೂರ, ಅದರ ಮುಂದೆ 40 ಯಾವ ಲೆಕ್ಕ? ಬಿಸಿಲು ನೆಲ ಕಾಯಿಸುತ್ತೆ, ನೆಲ ಗಾಳಿ ಕಾಯಿಸುತ್ತೆ. ಕಾದ ಗಾಳಿ ಮೇಲೇರ್ತಾ ಒತ್ತಡ ತಗ್ಗಿ ಹಿಗ್ಗುತ್ತೆ, ಹಿಗ್ಗಿದಾಗ ತಣಿಯುತ್ತೆ. ಒಣ ಗಾಳಿಯಾದ್ರೆ ಕಿ.ಮೀ.ಗೆ 9.8 ಡಿಗ್ರಿ. ಆವಿ ಮೋಡವಾಗುವಾಗ ಶಾಖ ಬಿಡೋದ್ರಿಂದ ಇಳಿಕೆ ನಿಧಾನ. ಮೇಲಿನ ಕಥೆ ಬೇರೆ. ಅಲ್ಲಿ ಓಝೋನ್ ನೇರಳಾತೀತ ಕಿರಣ ಹೀರಿ ಗಾಳಿಯನ್ನ ಅಲ್ಲೇ ಕಾಯಿಸುತ್ತೆ.

ಚಿಕ್ಕಪ್ಪ: ಅಳೆಯೋಕೆ ಮೇಲೆ ಕಳಿಸಿದ ಥರ್ಮಾಮೀಟರೇ ಬಿಸಿಲಿಗೆ ಕಾದು ತಪ್ಪು ತೋರಿಸಿರಬಹುದಲ್ಲ?

ನಾನು: ಸರಿಯಾದ ಪ್ರಶ್ನೆ! ಫ್ರಾನ್ಸಿನ ಹವಾಮಾನ ವಿಜ್ಞಾನಿ ಟೆಸ್ರಾಂ ದ ಬೋರ್‌ಗೂ ಇದೇ ಅನುಮಾನ ಇತ್ತು. ಅದಕ್ಕೇ ಅವರು ರಾತ್ರಿ ಬಲೂನು ಹಾರಿಸಿದ್ರು. ರಾತ್ರಿನೂ 11 ಕಿ.ಮೀ. ಸುತ್ತಮುತ್ತ ಇಳಿಕೆ ನಿಂತೇಹೋಯ್ತು. ಇನ್ನೂರಕ್ಕೂ ಹೆಚ್ಚು ಬಲೂನು ಹಾರಿಸಿ 1902ರಲ್ಲಿ ಪ್ರಕಟಿಸಿದ್ರು. ಅಷ್ಟು ಕಷ್ಟಪಟ್ಟು ಕಂಡಿದ್ದನ್ನ ಒಂದು ಓರೆಗೆರೆ ಅಳಿಸಿಹಾಕಿದ್ರೆ ಹೊಟ್ಟೆ ಉರಿಯುತ್ತೆ ಚಿಕ್ಕಪ್ಪ.

ಅತ್ತೆ: ಕೆಳಗಾದ್ರೂ ಯಾವಾಗಲೂ 6.5 ತಾನೆ?

ನಾನು: ಸರಾಸರಿ ಅಷ್ಟೇ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿದು, ಮೇಲಿನ ಗಾಳಿಯೇ ಬೆಚ್ಚಗಿರುತ್ತೆ. ಬೆಳಗಿನ ಜಾವ ಹೊಗೆ ಸ್ವಲ್ಪ ಏರಿ, ಮುಂದೆ ಹೋಗದೆ ಅಡ್ಡಡ್ಡ ಹಾಸಿಕೊಂಡಿರುತ್ತಲ್ಲ, ಅದೇ ಗುರುತು. ಇಳಿಕೆ ನಿಲ್ಲುವ ಎತ್ತರವೂ ಎಲ್ಲ ಕಡೆ 11 ಅಲ್ಲ. ಸಮಭಾಜಕದ ಹತ್ತಿರ 16–17, ಧ್ರುವಗಳ ಕಡೆ 8–9.

ಚಿಕ್ಕಪ್ಪ: ಚಿತ್ರ ಇನ್ನೆರಡು ಗುಂಪಿಗೂ ಹಾಕಿಬಿಟ್ಟಿದ್ದೀನಿ. ಏನಂತ ಬರೀಲಿ?

ನಾನು: "11ರ ತನಕ ಇಳಿಕೆ, 20ರ ತನಕ ಸಮ, ಆಮೇಲೆ ಏರಿಕೆ." ಸರಿಯಾದ ಗೆರೆ ಬಿಡಿಸಿ ಫೋಟೋ ಕಳಿಸ್ತೀನಿ, ಐದು ನಿಮಿಷ.