ಸಂತ ಆಡ್ರಿಯ ಸಂತೆಯಿಂದ ಬಂದ ‘ಟಾಡ್ರಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದ ಮಾಡುತ್ತಾ ಇಂಗ್ಲಿಷಿನ ‘ಟಾಡ್ರಿ’ ಎಂಬ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನೋಡೋಕೆ ಭಾರಿ ಮಿರುಗು, ಮುಟ್ಟಿದರೆ ಅಗ್ಗದ ಮಾಲು. ಅಂಥದ್ದಕ್ಕೆ ಹೇಳುವ ಮಾತು ಇದು. ‘ಆಡಂಬರದ’ ಎಂದು ಬರೆದು ನೋಡಿದೆ, ಸರಿಹೋಗಲಿಲ್ಲ. ಆಡಂಬರಕ್ಕೆ ದುಡ್ಡು ಜಾಸ್ತಿ ಬೇಕು, ಟಾಡ್ರಿಗೆ ಬೇಡ.

ಪದದ ಬೇರು ಹುಡುಕಹೋದರೆ 7ನೇ ಶತಮಾನದ ಒಬ್ಬ ರಾಣಿ ಸಿಕ್ಕಳು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾದ ದೊರೆ ಅನ್ನಾ (ಹೌದು, ಗಂಡಸೇ) ಅವನ ಮಗಳು ಎಥೆಲ್‌ಥ್ರಿತ್. ಎಥೆಲ್ ಅಂದರೆ ದೊಡ್ಡ ಮನೆತನದ, ಥ್ರಿತ್ ಅಂದರೆ ಬಲ. ಅಷ್ಟುದ್ದದ ಹೆಸರು ಜನರ ಬಾಯಲ್ಲಿ ಸವೆದು ಸವೆದು ‘ಆಡ್ರಿ’ ಆಯಿತು.

ಮೊದಲ ಗಂಡ ಬೇಗ ತೀರಿಕೊಂಡ. 660ರಲ್ಲಿ ನಾರ್ತಂಬ್ರಿಯಾದ ರಾಜಕುಮಾರ ಎಕ್‌ಫ್ರಿತ್ ಜೊತೆ ಎರಡನೇ ಮದುವೆ. ಹುಡುಗನಿಗೆ ಆಗ ಹದಿನೈದರ ಆಸುಪಾಸು. ಹನ್ನೆರಡು ವರ್ಷ ಹೆಂಡತಿಯಾಗಿದ್ದೂ ಅವಳು ಕನ್ಯೆಯಾಗಿಯೇ ಉಳಿದಳಂತೆ. ಅವಳ ಮನಸ್ಸು ತಿರುಗಿಸಿದರೆ ಜಮೀನು, ಹಣ ಕೊಡುತ್ತೇನೆ ಎಂದು ಎಕ್‌ಫ್ರಿತ್ ಬಿಷಪ್ ವಿಲ್‌ಫ್ರಿಡ್‌ಗೆ ಆಸೆ ತೋರಿಸಿದ್ದ. ಏನೂ ನಡೆಯಲಿಲ್ಲ. ಅವಳು ಗಂಡನ ಸೋದರತ್ತೆಯ ಮಠ ಸೇರಿ ಸನ್ಯಾಸ ತಗೊಂಡಳು. 673ರಲ್ಲಿ ಈಲಿ ಎಂಬಲ್ಲಿ ತನ್ನದೇ ಮಠ ಕಟ್ಟಿದಳು. ಸುತ್ತ ಜೌಗು. ಹಾವುಮೀನು (ಇಂಗ್ಲಿಷಿನಲ್ಲಿ ಈಲ್) ಹೇರಳವಾಗಿ ಸಿಗುತ್ತಿದ್ದುದರಿಂದಲೇ ಆ ಹೆಸರು ಬಂತು ಅಂತ ಇತಿಹಾಸಕಾರ ಸನ್ಯಾಸಿ ಬೀಡ್ ಬರೆಯುತ್ತಾನೆ.

ಅವಳ ಕಥೆ ನಮಗೆ ಸಿಕ್ಕಿರುವುದೂ 731ರಲ್ಲಿ ಚರ್ಚಿನ ಇತಿಹಾಸ ಬರೆದು ಮುಗಿಸಿದ ಇದೇ ಬೀಡ್‌ನಿಂದ. 679ರಲ್ಲಿ ಅವಳ ಕುತ್ತಿಗೆಯ ಮೇಲೆ, ದವಡೆಯ ಕೆಳಗೆ ಗಡ್ಡೆಯೆದ್ದಿತು. ಕಿನೆಫ್ರಿತ್ ಎಂಬ ವೈದ್ಯ ಅದನ್ನು ಕೊಯ್ದ. ಮೂರನೇ ದಿನಕ್ಕೆ ನೋವು ಮರಳಿತು, ಅವಳು ತೀರಿಕೊಂಡಳು. ಅವಳಿಗೆ ಆ ನೋವಿನ ಬಗ್ಗೆ ಬೇಸರವಿರಲಿಲ್ಲವಂತೆ. ಚಿಕ್ಕಂದಿನಲ್ಲಿ ಇದೇ ಕೊರಳಿಗೆ ಬೇಡದ ಸರಗಳನ್ನು ಹೇರಿಕೊಂಡಿದ್ದೆ, ಈಗ ಚಿನ್ನ ಮುತ್ತಿನ ಬದಲು ಈ ಕೆಂಪು ಬಾವು ಬಂದಿದೆ, ಸರಿಯಾಗಿಯೇ ಇದೆ ಅಂದಳಂತೆ.

ಮುಂದೆ ಈಲಿಯಲ್ಲಿ ಅವಳ ಹೆಸರಿನಲ್ಲಿ ಅಕ್ಟೋಬರ್ 17ಕ್ಕೆ ಸಂತೆ ನಡೆಯತೊಡಗಿತು. ಅಲ್ಲಿ ಮಾರುತ್ತಿದ್ದದ್ದೇನು ಗೊತ್ತಾ? ಕೊರಳಿಗೆ ಕಟ್ಟಿಕೊಳ್ಳುವ ರೇಷ್ಮೆ ಪಟ್ಟಿ! ‘ಸೇಂಟ್ ಆಡ್ರಿ ಲೇಸ್’ ಅಂತ ಅದರ ಹೆಸರು. (ಲೇಸ್ ಅಂದರೆ ಇಲ್ಲಿ ರವಿಕೆಯಂಚಿನ ಜಾಲರಿಯಲ್ಲ. ಶೂ ಲೇಸ್‌ನಲ್ಲಿ ಉಳಿದಿರುವ ಹಳೆಯ ಅರ್ಥ.) ಸೇಂಟ್‌ನ ಕೊನೆಯ ‘ಟ’ ಹಾರಿ ಆಡ್ರಿಗೆ ಅಂಟಿಕೊಂಡಿತು, ‘ಟಾಡ್ರಿ’ ಆಯಿತು. ನಮ್ಮಲ್ಲಿ ‘ಸಂತ ಆಡ್ರಿ’ಯನ್ನು ಸಂಧಿ ಮಾಡಿ ‘ಸಂತಾಡ್ರಿ’ ಎಂದು, ಆಮೇಲೆ ತಪ್ಪು ಜಾಗದಲ್ಲಿ ಬಿಡಿಸಿದ ಹಾಗೆ. ಲಂಡನ್ನಿನ ಟೂಲಿ ಬೀದಿಯ ಹೆಸರೂ ಹೀಗೆಯೇ ಸಂತ ಓಲಾವ್‌ನಿಂದ ಬಂದದ್ದು.

ಮೊದಮೊದಲು ಆ ಪಟ್ಟಿಗೆ ಒಳ್ಳೆಯ ಹೆಸರೇ ಇತ್ತು. ಆಮೇಲೆ ಸಂತೆಗೆ ಮೂರು ಮೊಳ ನೇಯ್ದ ಹಾಗಾಗಿರಬೇಕು, ಪದದ ಅರ್ಥವೂ ಇಳಿಯಿತು.

ಈಗ ನನ್ನ ತೊಡಕು. ‘ಥಳಕು’ ಹತ್ತಿರ ಬರುತ್ತದೆ, ಆದರೆ ಸಿನಿಮಾ ಸುದ್ದಿಯಲ್ಲಿ ಅದನ್ನು ಮೆಚ್ಚುಗೆಗೂ ಬಳಸುತ್ತಾರೆ. ‘ಕಾಗೆ ಬಂಗಾರ’ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಚೆನ್ನಾಗಿದೆ, ಆದರೆ ಬಟ್ಟೆಗೆ ಹೊಂದುವುದಿಲ್ಲ. ನನಗೆ ‘ಬೇಗಡೆ’ಯ (ವೇಷಭೂಷಣಕ್ಕೆ ಅಂಟಿಸುವ ಮಿರುಗು ಹಾಳೆ) ಮೇಲೆ ಕಣ್ಣಿದೆ. ‘ಬೇಗಡೆ ಸಿಂಗಾರ’ ಅಂದರೆ ಮಿರುಗೂ ಬರುತ್ತದೆ, ಅಗ್ಗವೂ ಬರುತ್ತದೆ. ಆದರೆ ಯಕ್ಷಗಾನ ನೋಡಿ ಬೆಳೆದವರಿಗೆ ಬೇಗಡೆ ಅಂದರೆ ಅಸಡ್ಡೆ ಹುಟ್ಟುತ್ತದಾ? ಅನುಮಾನ.

ಇನ್ನೊಂದು ಸಣ್ಣ ವಿಷಯ. ಹೆಂಗಸಾದರೂ ‘ಸಂತ ಆಡ್ರಿ’ ಎಂದೇ ಬರೆದಿದ್ದೇನೆ, ಮಂಗಳೂರಿನ ‘ಸಂತ ಆಗ್ನೆಸ್’ ಕಾಲೇಜಿನ ಹೆಸರಿನ ಹಾಗೆ. ‘ಸಂತೆ’ ಅಂದರೆ ಕಥೆಯೇ ಕಲಸುಮೇಲೋಗರ ಆಗುತ್ತದಲ್ವಾ!

ನಿಮ್ಮ ಊರಿನ ಜಾತ್ರೆಯಲ್ಲಿ ಕಣ್ಣು ಕುಕ್ಕುವ ಅಗ್ಗದ ಸರ, ರಿಬ್ಬನ್ನುಗಳಿಗೆ ಮನೆಯ ಹಿರಿಯರು ಏನನ್ನುತ್ತಾರೆ? ಹಾಗೇ ಬರೆದು ಕಳಿಸಿ.